ಸುಗ್ರಾ ಕಡೆದ ಬುಗುರಿ

ಸುಗ್ರಾಗೆ ಐವತ್ತೆರಡು ತುಂಬಿತ್ತು. ಆರ್.ಟಿ. ನಗರದ ಅಂಚೆ ಕಚೇರಿಯೊಂದರ ಕೌಂಟರಿನಲ್ಲಿ ಇಪ್ಪತ್ತೇಳು ವರ್ಷದಿಂದ ಪಾರ್ಸೆಲ್ ತೂಗುತ್ತ, ಮೊಹರು ಒತ್ತುತ್ತ ಬಂದವಳು. ರಜೆಯೆಂದರೆ ಭಾನುವಾರವೊಂದೇ, ಅದೂ ಬಟ್ಟೆ ಒಗೆಯುವುದರಲ್ಲಿ, ನೆಂಟರ ಮನೆ ಸುತ್ತುವುದರಲ್ಲಿ ಮುಗಿಯುತ್ತಿತ್ತು. ಯುಗಾದಿ ಕಳೆದ ಮೇಲಿನ ಅಂಥದೊಂದು ಭಾನುವಾರ ಅವಳು ಚಿಕ್ಕಬಾಣಾವರದ ಅಕ್ಕನ ಮನೆಗೆ ಹೋಗಿದ್ದಳು. ಅಕ್ಕನಿಗೆ ಹೊಸ ಲಟ್ಟಣಿಗೆ ಬೇಕಿತ್ತು. ಇಬ್ಬರೂ ರೈಲ್ವೆ ಸ್ಟೇಷನ್ ಹತ್ತಿರದ ತಗಡಿನ ಶೆಡ್ಡೊಂದಕ್ಕೆ ಹೋದರು.

ಅದು ಮುನಿಕೃಷ್ಣಪ್ಪನವರ ಶೆಡ್ಡು. ನಲವತ್ತು ವರ್ಷದಿಂದ ಲೇತ್ ಮಿಷನ್ನಿನ ಮೇಲೆ ಮಂಚದ ಕಾಲು, ಲಟ್ಟಣಿಗೆ, ಮೆಟ್ಟಿಲ ಕಂಬ ಕಡೆಯುತ್ತಿದ್ದವರು. ತಿರುಗುವ ತುಂಡಿಗೆ ಅವರು ಉಳಿ ತಾಗಿಸಿದ್ದೇ ತಡ, ಸಿಪ್ಪೆ ಸುರುಳಿ ಸುರುಳಿಯಾಗಿ ಬಿಚ್ಚಿಕೊಂಡು ಅವರ ಮೊಣಕೈ ದಾಟಿ ನೆಲಕ್ಕೆ ಇಳಿಯಿತು. ಒಳಗಿನಿಂದ ನುಣುಪಾದ, ಬೆಣ್ಣೆಬಣ್ಣದ ಮರ ಹೊರಬಿತ್ತು. ಅಕ್ಕ ಎರಡು ಸಲ ಕರೆದರೂ ಸುಗ್ರಾ ಕದಲಲಿಲ್ಲ.

"ನಾನೊಂದ್ಸಲ ಹಿಡೀಬಹುದಾ?" ಎಂದು ಕೇಳಿಯೇ ಬಿಟ್ಟಳು.

ಮುನಿಕೃಷ್ಣಪ್ಪ ಅವಳ ಇಳಿಬಿದ್ದ ದುಪಟ್ಟಾ ನೋಡಿದರು. "ಈ ಬಟ್ಟೇಲಿ ಬೇಡ ಮೇಡಂ. ಮಿಷನ್ನಿಗೆ ಮುಲಾಜಿಲ್ಲ, ತುದಿ ಸಿಕ್ರೆ ಕತ್ತನ್ನೇ ಎಳ್ಕೊಂಡ್ಬಿಡುತ್ತೆ. ನಿಜವಾಗ್ಲೂ ಕಲೀಬೇಕಂದ್ರೆ ಮುಂದಿನ ಭಾನುವಾರ ಬಿಗಿಯಾಗಿರೋದು ಹಾಕ್ಕೊಂಡ್ ಬನ್ನಿ."

ಬರಲಾರಳೆಂದೇ ಹಾಗೆ ಹೇಳಿದ್ದರು. ಸುಗ್ರಾ ಬಂದಳು. ಗಂಡನ ಹಳೆಯ ಅಂಗಿ ತೊಟ್ಟು, ತೋಳು ಮೊಣಕೈವರೆಗೆ ಮಡಿಸಿ, ತಲೆಬಟ್ಟೆಯ ತುದಿಗಳನ್ನು ಹಿಂದಕ್ಕೆ ಗಂಟು ಹಾಕಿಕೊಂಡು ಒಂಬತ್ತಕ್ಕೆ ಸರಿಯಾಗಿ ಬಾಗಿಲಲ್ಲಿ ನಿಂತಿದ್ದಳು.

ಮೊದಲ ದಿನವೇ ಉಳಿ ಮರಕ್ಕೆ ಕಚ್ಚಿಕೊಂಡು ತುಂಡು ಹಾರಿ ತಗಡಿಗೆ ಬಡಿಯಿತು. ಪಕ್ಕದ ಟೀ ಅಂಗಡಿಯವರು ಇಣುಕಿ ನೋಡಿ ಹೋದರು. ಮುನಿಕೃಷ್ಣಪ್ಪ ತುಂಡನ್ನು ಎತ್ತಿ ಮತ್ತೆ ಮಿಷನ್ನಿಗೆ ಬಿಗಿದರು. "ಉಳೀನ ನೂಕಬೇಡಿ. ಕಬ್ಬಿಣದ ಪಟ್ಟಿ ಮೇಲೆ ಗಟ್ಟಿಯಾಗಿ ಊರಿ, ಸುಮ್ನೆ ಹಿಡ್ಕೊಳ್ಳಿ. ಮರವೇ ತಿರುಗಿ ತಿರುಗಿ ಬಂದು ಮುಟ್ಟುತ್ತೆ."

ಅವಳ ಗಂಡ ವಹಾಬ್‌ಗೆ ಕರ್ಟನ್ ಬಟ್ಟೆಯ ಅಂಗಡಿ. ಅಂಗಡಿಗೆ ಬಂದವರಿಗೆಲ್ಲ ನಗುತ್ತ ಹೇಳುತ್ತಿದ್ದ: "ನಮ್ಮನೇವ್ರು ಈಗ ರೊಟ್ಟಿ ಲಟ್ಟಿಸೋದ್ ಬಿಟ್ಟು ಲಟ್ಟಣಿಗೇನೇ ಮಾಡೋಕ್ ಹೋಗ್ತಾರೆ." ಅವಳ ಮೊದಲ ಲಟ್ಟಣಿಗೆ ಒಂದು ತುದಿ ದಪ್ಪ, ಇನ್ನೊಂದು ಸಪೂರ. ಅದರಲ್ಲಿ ಲಟ್ಟಿಸಿದ ಚಪಾತಿಗಳು ಒಂದೊಂದೂ ಒಂದೊಂದು ದೇಶದ ನಕ್ಷೆಯಂತಿದ್ದವು. ವಹಾಬ್ ಅವನ್ನೇ ಹರಿದು ತಿಂದ. ನಾಲ್ಕನೆಯ ಲಟ್ಟಣಿಗೆಯನ್ನು ಮಾತ್ರ ಅವನೇ ಟೇಬಲ್ಲಿನ ಮೇಲೆ ಉರುಳಿಸಿ, ಅದು ತೂಗಾಡದೆ ಕೊನೆಯವರೆಗೆ ನೇರ ಓಡಿದ್ದನ್ನು ನೋಡಿ ತಲೆಯಾಡಿಸಿದ.

ಅವರ ಮನೆ ಜಕ್ಕೂರಿನ ಅಪಾರ್ಟ್‌ಮೆಂಟೊಂದರಲ್ಲಿ, ಹಳೆಯ ಊರಿಗೆ ಅಂಟಿಕೊಂಡಂತೆ. ಗಣೇಶನ ಹಬ್ಬ ಕಳೆದ ವಾರ ಲಿಫ್ಟಿನ ಪಕ್ಕ ಒಂದು ಚೀಟಿ ಅಂಟಿಸಿದ್ದರು. ನವೆಂಬರಿನ ಮೊದಲ ಭಾನುವಾರ ಅಪಾರ್ಟ್‌ಮೆಂಟಿನವರೂ ಊರವರೂ ಸೇರಿ ರಾಜ್ಯೋತ್ಸವ. ಹಗ್ಗಜಗ್ಗಾಟ, ರಂಗೋಲಿ, ಬುಗುರಿ ಸ್ಪರ್ಧೆ. ಯಾರ ಬುಗುರಿ ಹೆಚ್ಚು ಹೊತ್ತು ತಿರುಗುತ್ತದೋ ಅವರು ಗೆದ್ದಂತೆ. ಐದು ವರ್ಷದಿಂದ ಗೆಲ್ಲುತ್ತಿದ್ದವರು ಹಳೆಯ ಊರಿನ ಚಿಕ್ಕಬೈರಪ್ಪ.

ಸುಗ್ರಾ ಆ ಚೀಟಿಯ ಮುಂದೆ ಬಹಳ ಹೊತ್ತು ನಿಂತಳು. ಯಲಹಂಕದ ಓಣಿಯಲ್ಲಿ ಅವಳ ಮೂವರು ಅಣ್ಣಂದಿರು ದಿನವಿಡೀ ಬುಗುರಿ ಆಡುತ್ತಿದ್ದರು. ಹುಡುಗಿಯರು ಬುಗುರಿ ಆಡಬಾರದು. ಆದರೆ ಚಾಟಿ ಸುತ್ತಿಕೊಡಬಹುದು. ಎಳೆಯ ಮೇಲೆ ಎಳೆ ಬೀಳದಂತೆ ಅವಳಷ್ಟು ಬಿಗಿಯಾಗಿ ಆ ದಾರ ಸುತ್ತುವವರು ಓಣಿಯಲ್ಲೇ ಇರಲಿಲ್ಲ. ಸುತ್ತಿ ಸುತ್ತಿ ಕೊಟ್ಟಳು. ಬೀಸಿದವರು ಬೇರೆಯವರು.

ಮುಂದಿನ ಭಾನುವಾರ ಶೆಡ್ಡಿಗೆ ಹೋದವಳೇ, "ಬುಗುರಿ ಕಡೀಬೇಕು" ಎಂದಳು.

ಹುಣಸೆಯ ಗಟ್ಟಿ ತುಂಡು ಆರಿಸಿದಳು. ಮೊದಲನೆಯದು ನೋಡಲು ಚೆಂದವಿತ್ತು, ನೆಲಕ್ಕೆ ಬಿಟ್ಟರೆ ಗಡಗಡ ಅಲುಗಾಡಿ ಮಕಾಡೆ ಬಿತ್ತು. ಎರಡನೆಯದರ ಭುಜ ಅಗಲ ಮಾಡಿದಳು, ಮೂರನೆಯದರ ಎತ್ತರ ತಗ್ಗಿಸಿದಳು. ತುಸು ಮೇಲಾದವು, ಅಲುಗಾಟ ಹೋಗಲಿಲ್ಲ. ಆರು ಬುಗುರಿ ಹೀಗೇ ಹಾಳಾದವು. ಏಳನೆಯದನ್ನು ಸಂಜೆ ಬಾಲ್ಕನಿಯಲ್ಲಿ ಕೂತು ತಿರುಗಿಸಿ ತಿರುಗಿಸಿ ನೋಡುವಾಗ ಹೊಳೆಯಿತು: ಮರದಲ್ಲಿ ತಪ್ಪಿಲ್ಲ, ಮೊಳೆಯಲ್ಲಿದೆ. ಮಿಷನ್ನಿನಿಂದ ಇಳಿಸಿ, ಕಣ್ಣಂದಾಜಿನಲ್ಲಿ ಸುತ್ತಿಗೆಯಿಂದ ಹೊಡೆದ ಮೊಳೆ ಒಂದು ಕೂದಲಷ್ಟು ಪಕ್ಕಕ್ಕೆ ಕೂತಿತ್ತು.

"ಮರ ಮಿಷನ್ ಮೇಲೆ ತಿರುಗ್ತಿರೋವಾಗ್ಲೇ ಮೊಳೆ ತೂತು ಕೊರೆದ್ರೆ? ಆಗ ನಡೂಮಧ್ಯನೇ ಬೀಳ್ಬೇಕಲ್ವಾ?" ಎಂದು ಮುನಿಕೃಷ್ಣಪ್ಪನವರನ್ನು ಕೇಳಿದಳು.

ಅವರು ಗಲ್ಲ ಕೆರೆದುಕೊಂಡರು. "ಬೀಳುತ್ತೆ. ಬುಗುರಿಗೆ ಯಾರಮ್ಮ ಅಷ್ಟು ತಲೆ ಕೆಡಿಸ್ಕೊತಾರೆ? ಕೊರೀರಿ, ನೋಡಣ."

ಅವಳು ಚಾಟಿ ಸುತ್ತಿಕೊಟ್ಟು, ಮುನಿಕೃಷ್ಣಪ್ಪ ಬೀಸಿದ ಎಂಟನೆಯ ಬುಗುರಿ ಶೆಡ್ಡಿನ ಸಿಮೆಂಟು ನೆಲದ ಮೇಲೆ ಕದಲದೆ ನಿಂತಿತು. ತಿರುಗುತ್ತಿದೆಯೋ ನಿಂತಿದೆಯೋ ತಿಳಿಯದಷ್ಟು ಸ್ಥಿರ. ಮುನಿಕೃಷ್ಣಪ್ಪ ಅದು ಬೀಳುವವರೆಗೆ ಬೀಡಿ ಹಚ್ಚುವುದನ್ನೇ ಮರೆತಿದ್ದರು.

ಆದರೆ ಬೀಸುವುದು ಅವಳಿಗೆ ಬರುತ್ತಿರಲಿಲ್ಲ. ಬೆಳಗ್ಗೆ ತಾರಸಿಗೆ ಹೋಗಿ ಎಸೆದಳು; ಬುಗುರಿ ನೀರಿನ ಟ್ಯಾಂಕಿಗೆ ಬಡಿಯಿತು. ಹಿಂದೆ ಹಲ್ಲುಜ್ಜುತ್ತ ನಿಂತಿದ್ದ ವಹಾಬ್ ಬಾಯಿ ಮುಕ್ಕಳಿಸಿ ಬಂದ. "ಕ್ಯಾ ಜೀ, ಕಲ್ಲು ಹೊಡೀತಿದೀಯಾ? ತೋಳು ಬೀಸಬೇಡ. ಕೈ ಬಿಟ್ಟ ಕೂಡ್ಲೆ ಮಣಿಕಟ್ಟು ಹಿಂದಕ್ಕೆ ಎಳಿ." ತಾನೇ ಎಸೆದು ತೋರಿಸಿದ. ಆಮೇಲೆ ಒಂದು ತಿಂಗಳು ಅವರ ಬೆಳಗುಗಳು ತಾರಸಿಯ ಮೇಲೇ ಆದವು. ಅವಳು ಎಸೆಯುವಳು, ಅವನು ಮೊಬೈಲಿನಲ್ಲಿ ಸೆಕೆಂಡು ಎಣಿಸುವನು.

ಸ್ಪರ್ಧೆಯ ದಿನ ಹೆಸರು ಬರೆದುಕೊಳ್ಳುತ್ತಿದ್ದವನು, "ನಿಮ್ಮ ಮಗನ ಹೆಸರು ಹೇಳಿ ಮೇಡಂ" ಎಂದ.

"ನನ್ನ ಹೆಸರೇ ಬರ್ಕೊಳ್ಳಿ. ಸುಗ್ರಾ."

ಬ್ಯಾಡ್ಮಿಂಟನ್ ಅಂಕಣದ ಸುತ್ತ ಇನ್ನೂರು ಜನ ಸೇರಿದ್ದರು. ಹದಿನಾಲ್ಕು ಗಂಡಸರು, ಒಬ್ಬಳು ಸುಗ್ರಾ. ಒಬ್ಬೊಬ್ಬರಿಗೆ ಮೂರು ಅವಕಾಶ. ಚಿಕ್ಕಬೈರಪ್ಪ ಪಂಚೆ ಎತ್ತಿ ಕಟ್ಟಿ, ಅಜ್ಜನ ಕಾಲದ ಜಾಲಿ ಮರದ ಬುಗುರಿಯನ್ನು ಮೊದಲ ಎಸೆತಕ್ಕೇ ಐವತ್ತೆಂಟು ಸೆಕೆಂಡು ತಿರುಗಿಸಿದರು. ಊರವರು ಶಿಳ್ಳೆ ಹಾಕಿದರು. ಆಮೇಲೆ ಅವರೂ ಬೇರೆ ಗಂಡಸರೂ ಅದನ್ನು ದಾಟಲಿಲ್ಲ.

ಸುಗ್ರಾಳ ಬುಗುರಿ ಮೊದಲ ಎಸೆತಕ್ಕೆ ಅಡ್ಡ ಬಿದ್ದು ಉರುಳಿಹೋಯಿತು. ಯಾರೋ ನಕ್ಕರು. ಎರಡನೆಯ ಸಲ ನಲವತ್ತೊಂದು ಸೆಕೆಂಡು, ನಗು ನಿಂತಿತು. ಮೂರನೆಯ ಸಲ ಅವಳು ಆತುರಪಡಲಿಲ್ಲ. ಚಾಟಿಯನ್ನು ಎಳೆಗೆಳೆ ತಾಗುವಂತೆ, ಸಡಿಲವೊಂದೂ ಉಳಿಯದಂತೆ ಸುತ್ತಿದಳು. ಬೀಸಿದಳು, ಮಣಿಕಟ್ಟು ಎಳೆದಳು. ಬುಗುರಿ ನೆಲ ಮುಟ್ಟಿ, ಒಂದು ಗೇಣು ಸರಿದು, ನಿಂತಲ್ಲೇ ನಿದ್ದೆ ಹೋದಂತೆ ತಿರುಗಿತು. ಮೂವತ್ತು. ನಲವತ್ತು. ಐವತ್ತು ದಾಟುವಾಗ ಜನ ಗಟ್ಟಿಯಾಗಿ ಎಣಿಸತೊಡಗಿದ್ದರು. ಐವತ್ತೊಂಬತ್ತು ಎಂದಾಗ ವಹಾಬ್ ಎರಡೂ ಕೈ ಮೇಲೆತ್ತಿದ್ದ. ಎಪ್ಪತ್ತೊಂದಕ್ಕೆ ಬುಗುರಿ ತೂಗಿ, ತೂಗಿ, ಒರಗಿತು.

ಚಿಕ್ಕಬೈರಪ್ಪ ಬಂದು ಕುಕ್ಕರಗಾಲಲ್ಲಿ ಕೂತು ಬುಗುರಿ ಎತ್ತಿಕೊಂಡರು. ಮೊಳೆಯನ್ನು ಹೆಬ್ಬೆರಳಿಂದ ಸವರಿದರು.

"ಯಾವ ಅಂಗ್ಡೀದಮ್ಮ ಇದು?"

"ನಾನೇ ಕಡೆದಿದ್ದು."

"ನೀನೇ?" ಅವರು ಅವಳ ಕೈ ನೋಡಿದರು, ಬೆರಳುಗಳ ಮೇಲೆ ಉಳಿ ಹಿಡಿದ ಜಡ್ಡು ಕಂಡಿರಬೇಕು. "ಅರವತ್ತೊರ್ಸ ಆಡಿದೀನಿ, ಇಂಗೆ ನಿಂತ ಬುಗುರಿ ನೋಡಿಲ್ಲ."

ಎದ್ದವರು ಸೀಮೆಸುಣ್ಣ ತರಿಸಿ ನೆಲದ ಮೇಲೆ ವೃತ್ತ ಬರೆದರು. ತಮ್ಮ ಜಾಲಿ ಬುಗುರಿಯನ್ನು ಅದರ ನಡುವೆ ಇಟ್ಟರು. "ಸೋತೋನ್ ಬುಗುರಿಗೆ ಗೆದ್ದೋರ್ ಮೊಳೇಲಿ ಮೂರು ಗುನ್ನ ಬೀಳ್ಬೇಕು. ಅದು ಆಟದ್ ಮರ್ಯಾದೆ. ಹೊಡಿ ತಾಯಿ."

"ಬೇಡ, ನಿಮ್ಮಜ್ಜನ ಕಾಲದ್ದು" ಎಂದಳು ಸುಗ್ರಾ.

"ಗಂಡಸ್ರಾಗಿದ್ರೆ ಬಿಡ್ತಿದ್ರಾ? ಹೊಡಿ."

ಸುಗ್ರಾ ಒಂದು ಹೆಜ್ಜೆ ಹಿಂದೆ ಸರಿದು ಗುರಿ ಹಿಡಿದಳು. ಟಕ್ ಎಂದಿತು, ಜಾಲಿ ಬುಗುರಿ ಎಗರಿ ವೃತ್ತದಾಚೆ ಬಿತ್ತು. ಅದರ ಭುಜದ ಮೇಲೆ ಸಾಸಿವೆಕಾಳಷ್ಟು ಹೊಸ ತೂತು, ಮೊದಲ ಗುನ್ನ. ಚಿಕ್ಕಬೈರಪ್ಪ ಅದನ್ನು ಮೇಲೆತ್ತಿ ಸುತ್ತ ನಿಂತವರಿಗೆಲ್ಲ ತೋರಿಸಿಕೊಂಡು ಬಂದರು, ತಾವೇ ಗೆದ್ದವರಂತೆ. ಮತ್ತೆ ತಂದು ವೃತ್ತದ ನಡುವೆ ಇಟ್ಟರು.

"ಇನ್ನೆರಡು ಬಾಕಿ ಐತೆ," ಎಂದರು.

ಸುಗ್ರಾ ಆಗಲೇ ಚಾಟಿ ಸುತ್ತುತ್ತಿದ್ದಳು.