ಅತ್ತೆಯ ಬಿಕ್ಕಳಿಕೆ

ಡಾಕ್ಟರ ಬಾಯಲ್ಲಿ ಹೊರಡದ ಮಾತು ಒಂದೇ ಇತ್ತು: ‘ಗೊತ್ತಿಲ್ಲ’. ಕ್ಲಿನಿಕ್ಕಿನಲ್ಲಿ ಯಾರು ಏನು ಕೇಳಿದರೂ, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಸಿದ್ಧ. ಮನೆಯಲ್ಲೂ ಅಷ್ಟೇ, ಫ್ರಿಜ್ಜು ಯಾಕೆ ಗುರುಗುಟ್ಟುತ್ತದೆ, ಪಕ್ಕದ ಮನೆಯವರು ಯಾಕೆ ಮುನಿಸಿಕೊಂಡಿದ್ದಾರೆ, ಎಲ್ಲಕ್ಕೂ ಅವರಲ್ಲಿ ಕಾರಣವಿತ್ತು. ಹೆಂಡತಿ ತಲೆಯಾಡಿಸಿ ತನ್ನ ಕೆಲಸಕ್ಕೆ ಹೋಗುತ್ತಿದ್ದಳು.

ಹೀಗಿರುವಾಗ, ಮಗಳನ್ನು ನೋಡಲು ಬಂದ ಅತ್ತೆಗೆ ಬಿಕ್ಕಳಿಕೆ ಶುರುವಾಯಿತು. ಯಾರೋ ನೆನೆಸಿಕೊಳ್ಳುತ್ತಿದ್ದಾರೆಂದು ಅವರು ಮೊದಮೊದಲು ಹಿಗ್ಗಿದರು. ಮರುದಿನವೂ ನಿಲ್ಲದಾಗ, ನೆನೆಸಿಕೊಳ್ಳುವವರಿಗೆ ಬೇರೆ ಕೆಲಸವಿಲ್ಲವೇ ಎಂದು ರೇಗಿದರು.

ಡಾಕ್ಟರು ಹೊಟ್ಟೆಯ ಉಬ್ಬರವೆಂದು ಔಷಧ ಕೊಟ್ಟರು. ನಿಲ್ಲಲಿಲ್ಲ. ನರದ ತೊಂದರೆಯೆಂದು ಮಾತ್ರೆ ಬದಲಿಸಿದರು. ಅತ್ತೆ ಮಾತ್ರೆ ನುಂಗಿ ‘ಹಿಕ್’ ಎಂದರು. ಸ್ಕ್ಯಾನಿಂಗ್ ಮಾಡಿಸಿದರೆ ಎಲ್ಲ ಸರಿಯಾಗಿತ್ತು. ಇತ್ತ ಅತ್ತೆಯ ಕಿರಿಮಗಳು, ಡಾಕ್ಟರ ನಾದಿನಿ, ಬಂದು ಸಕ್ಕರೆ ತಿನ್ನಿಸಿದಳು. ಅವಳ ಗಂಡ ಬಾಗಿಲ ಮರೆಯಿಂದ ಹಾರಿ ಹೆದರಿಸಲು ಹೋಗಿ, ಕಾಲು ಜಾರಿ ಬಟ್ಟೆಯ ಬುಟ್ಟಿಯಲ್ಲಿ ಕುಳಿತ.

ಒಂದು ಬೆಳಿಗ್ಗೆ ಅತ್ತೆ ಕಿಟಕಿಯ ಬಳಿ ಬಟಾಣಿ ಸುಲಿಯುತ್ತಿದ್ದಾಗ ಮನೆ ಏಕೋ ನಿಶ್ಶಬ್ದವೆನಿಸಿತು. ಬಿಕ್ಕಳಿಕೆ ತನ್ನಷ್ಟಕ್ಕೆ ನಿಂತುಹೋಗಿತ್ತು. ಸಕ್ಕರೆಯ ಗುಣ ಎಂದಳು ನಾದಿನಿ. ತಾನು ಬಿದ್ದದ್ದು ವ್ಯರ್ಥವಾಗಲಿಲ್ಲ ಎಂದ ಅವಳ ಗಂಡ. ಕೊನೆಗೆ ಎಲ್ಲರೂ ಡಾಕ್ಟರ ಮುಖ ನೋಡಿದರು.

“ನೀವು ಹೇಳಿ ಅಳಿಯಂದ್ರೇ, ಯಾಕೆ ನಿಂತಿದ್ದು?” ಎಂದರು ಅತ್ತೆ.

ಮಾತ್ರೆಯ ಹೆಸರು ಡಾಕ್ಟರ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಉಪಯೋಗವಿಲ್ಲವೆಂದು ಆ ಮಾತ್ರೆಯನ್ನು ಹಿಂದಿನ ದಿನವೇ ಅವರೇ ನಿಲ್ಲಿಸಿದ್ದರು.

“ಗೊತ್ತಿಲ್ಲ ಅತ್ತೆ,” ಎಂದರು. “ಯಾಕೆ ಬಂತು ಅನ್ನೋದೂ ಗೊತ್ತಿಲ್ಲ.”

ಹೇಳಿದ ಮೇಲೆ ಆಕಾಶವೇನೂ ಕಳಚಿ ಬೀಳಲಿಲ್ಲ. ಎದೆ ಹಗುರಾಯಿತು. ಅತ್ತೆ ಬಟಾಣಿಯ ತಟ್ಟೆಯನ್ನು ಮುಂದೆ ತಳ್ಳಿ, “ಹಾಗಾದ್ರೆ ಇದನ್ನಾದ್ರೂ ಸುಲೀರಿ,” ಎಂದರು. ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಆ ಸಂಜೆ ಕ್ಲಿನಿಕ್ಕಿಗೆ ಬಸ್ ಡ್ರೈವರ್ ಒಬ್ಬ ಬಂದ. ಅವನ ಕಣ್ಣಿನ ರೆಪ್ಪೆ ಬಹಳ ದಿನದಿಂದ ಅದುರುತ್ತಿತ್ತು. ಡಾಕ್ಟರು ಅವನ ಮಾತು ಪೂರ್ತಿ ಮುಗಿಯುವವರೆಗೆ ಕೇಳಿದರು, ನಿಧಾನವಾಗಿ ಪರೀಕ್ಷಿಸಿದರು. ಅಪಾಯವೇನೂ ಕಾಣುತ್ತಿಲ್ಲ, ಆದರೆ ಕಾರಣ ತಮಗೆ ತಿಳಿಯದು, ನಿಲ್ಲದಿದ್ದರೆ ತಮಗಿಂತ ತಿಳಿದವರಿಗೆ ತೋರಿಸೋಣ ಎಂದರು. ಡ್ರೈವರ್ ಕುರ್ಚಿಗೆ ಒರಗಿ ದೊಡ್ಡದಾಗಿ ಉಸಿರುಬಿಟ್ಟ. ಹೋದ ಕಡೆಯಲ್ಲೆಲ್ಲ ಒಂದೊಂದು ರೋಗದ ಹೆಸರು ಕೇಳಿ ಅವನ ನಿದ್ದೆಯೇ ಹಾರಿಹೋಗಿತ್ತಂತೆ.

“ಇವತ್ತು ನಿದ್ದೆ ಮಾಡ್ತೀನಿ ಡಾಕ್ಟ್ರೇ,” ಎಂದು ಎದ್ದ. ರೆಪ್ಪೆ ಇನ್ನೂ ಅದುರುತ್ತಲೇ ಇತ್ತು. ಅದು ಕಣ್ಣು ಹೊಡೆದಂತೆ ಕಂಡು ಡಾಕ್ಟರಿಗೆ ನಗು ತಡೆಯಲಾಗಲಿಲ್ಲ; ಡ್ರೈವರನೂ ಜೊತೆಗೂಡಿ ನಕ್ಕ.