ಲಂಗದ ಮೇಲಿನ ಕೆಂಪು

ಸೂಡಿ ಊರಿನ ಶಂಕ್ರವ್ವನ ಮನೆಯಲ್ಲಿ ಆ ಭಾನುವಾರ ಬೆಳಿಗ್ಗೆ ಮಗ್ಗದ ಸದ್ದು ಒಮ್ಮೆಲೇ ನಿಂತುಹೋಯಿತು.

ಮಗಳು ಮಧುಮತಿಗೆ ಹನ್ನೆರಡು ವರ್ಷ. ಏಳನೆಯ ತರಗತಿ. ಅಂಗಳದ ಕಟ್ಟೆಯ ಮೇಲೆ ಕುಳಿತು, ಲಾಳಿಯೊಳಗೆ ಇಡುವ ಸಣ್ಣ ಕೊಳವೆಗಳಿಗೆ ನೂಲು ಸುತ್ತುತ್ತಿದ್ದಳು. ಈ ಕಂಡಿಕೆಗಳ ಬುಟ್ಟಿ ಹಿಡಿದು, ತುಂಬಿದವನ್ನು ಅವ್ವನ ಕೈಗೆ ಕೊಡಲು ಒಳಗೆ ಬಂದಳು. ಕೊಟ್ಟು ತಿರುಗಿದಾಗ ಅವಳ ಹಳದಿ ಲಂಗದ ಹಿಂದೆ ಅಂಗೈಯಗಲ ಕೆಂಪು ಕಲೆ ಕಂಡಿತು.

"ಏ ಹುಡಿಗಿ, ಸರಿ ಆ ಕಡೆ! ಮಗ್ಗ ಮುಟ್ಟಬ್ಯಾಡ!" ಶಂಕ್ರವ್ವ ಕೂಗಿಕೊಂಡಳು.

ಮೂಲೆಯಲ್ಲಿ ಕುಳಿತಿದ್ದ ಅತ್ತೆ ಸಿದ್ದಲಿಂಗವ್ವ ತಲೆ ಎತ್ತಿದಳು. "ಅಯ್ಯ ಶಿವನ, ಇಷ್ಟ ಲಗೂ ಆತೇನ? ಹೊರಗ ನಿಂದರ ನೀ. ಏನೂ ಮುಟ್ಟಬ್ಯಾಡ. ಇನ್ನ ಸಾಲಿ ಗೀಲಿ ಸಾಕ."

"ಏನಾತಬೇ? ನಾ ಏನ್ ಮಾಡೀನಿ?"

ಅವ್ವ ನೆಲ ನೋಡುತ್ತಿದ್ದಳು. ಮಧುಮತಿ ಲಂಗ ಮುಂದಕ್ಕೆಳೆದು ನೋಡಿದಳು. ಕೈಯಲ್ಲಿದ್ದ ಬುಟ್ಟಿ ಅಲ್ಲೇ ಬಿಟ್ಟು ಓಡಿದಳು.

ಓಡಿದ್ದು ಪಕ್ಕದ ಮನೆಗೆ. ಅಲ್ಲಿ ಅಂಗನವಾಡಿ ನಡೆಸುವ ಜಬೀನ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು.

"ಅಕ್ಕೋರ, ನನ್ನ ಮೈಯಾಗಿಂದ ರಕ್ತ ಬರಾಕತ್ತೈತ್ರಿ. ನಾ ಸಾಯತೇನೇನ್ರಿ? ಎಂಟನೇತ್ತಿಗೆ ಸರಕಾರದ ಸೈಕಲ್ ಕೊಡತಾರಲ್ರಿ, ಅಲ್ಲೀತನಕರ ಇರತೇನಿಲ್ರಿ?"

ಜಬೀನ ನಗಲಿಲ್ಲ. ಅವಳನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು. ಒಳಬಟ್ಟೆಯಲ್ಲಿ ರಕ್ತವಿರಲಿಲ್ಲ, ಲಂಗದ ಕೆಂಪೂ ಹೊರಗಿನಿಂದ ಹತ್ತಿದ್ದು. ಬೆರಳು ಒದ್ದೆ ಮಾಡಿ ತಿಕ್ಕಿದಳು. ಉಗುರಿಗೆ ಸೀರೆಯ ನೂಲಿಗೆ ಹಾಕುವ ಬಣ್ಣ ಹತ್ತಿತು.

"ಹುಚ್ಚಿ, ಇದು ಬಣ್ಣ. ಮಾರಿ ತೊಳಕೋ, ಹೋಗೂಣ."

ಅವರು ಬಂದಾಗ ಮಧುಮತಿಯ ಅಪ್ಪ ಗವಿಸಿದ್ದಪ್ಪ ಹಿತ್ತಲಿನಿಂದ ಬರುತ್ತಿದ್ದ. ಕೈ ಮೊಣಕೈವರೆಗೆ ಕೆಂಪಾಗಿತ್ತು. ವಿಷಯ ಕೇಳಿ ಪೆಚ್ಚಾದ. "ಸೆರಗಿನ ನೂಲ ಬಣ್ಣದಾಗ ಅದ್ದಿ ಹಿಂಡಿ, ನೂಲಿನ ಲಡಿ ಆ ಕಟ್ಟಿ ಮ್ಯಾಲ ಇಟ್ಟಿದ್ದೆ. ಅಲ್ಲೇ ಕುಂತಾಳ. ತಪ್ಪ ನಂದ."

ಸಿದ್ದಲಿಂಗವ್ವ ಸೆರಗು ಬಾಯಿಗಿಟ್ಟು ನಕ್ಕಳು. ಶಂಕ್ರವ್ವನೂ ನಕ್ಕಳು. ಮಧುಮತಿ ಮಾತ್ರ ಬಾಗಿಲ ಹಿಂದೆ ಹೋಗಿ ಕುಳಿತಳು.

ಸೋಮವಾರ ಅವಳು ಶಾಲೆಗೆ ಹೋಗಲಿಲ್ಲ. ಹೊಟ್ಟೆನೋವು ಅಂದಳು. ಮಂಗಳವಾರ ತಲೆನೋವು. ಬುಧವಾರ ಶಂಕ್ರವ್ವ ಪಾಟಿಚೀಲ ತಂದು ಮುಂದಿಟ್ಟಾಗ ಅಳುತ್ತ ಹೇಳಿದಳು: "ಸಾಲ್ಯಾಗ ಖರೇನ ಹಂಗಾದ್ರ? ನೀ ಅಂದಂಗ ಎಲ್ಲಾರೂ 'ಸರಿ ಆ ಕಡೆ' ಅಂತಾರ. ನಾ ಹೋಗಂಗಿಲ್ಲ."

ಆ ಮಾತು ಶಂಕ್ರವ್ವನಿಗೆ ನಾಟಿತು. ಮಧ್ಯಾಹ್ನ ಜಬೀನಳನ್ನು ಮನೆಗೆ ಕರೆದಳು.

"ಅಕ್ಕೋರ, ಹುಡಿಗಿ ಅಂಜ್ಯಾಳ. ಸಾಲಿ ಬಿಡತೇನಂತಾಳ. ನೀವರ ಹೇಳ್ರಿ."

"ನಾ ಹೇಳತೇನಿ. ಆದ್ರ ಆಕಿ ಕೇಳಿದ್ದು ನಿನ್ನ, ಶಂಕ್ರವ್ವಾ. 'ಏನಾತಬೇ' ಅಂದಾಗ ನೀ ನೆಲಾ ನೋಡಿದಿ ಅಂತ ಆಕೀನ ಹೇಳ್ಯಾಳ. ಆ ದಿನ ಬಣ್ಣ ಇತ್ತು, ಪುಣ್ಯ. ನಾಳೆ ಖರೇನ ಬರತೈತಿ. ಆಗೂ ನೆಲಾ ನೋಡತೀಯೇನು?"

ಸಿದ್ದಲಿಂಗವ್ವ ಸುಮ್ಮನಿರಲಿಲ್ಲ. "ಬಂದ ಮ್ಯಾಲ ಹೇಳಿದ್ರಾತು. ಸಣ್ಣ ಹುಡಿಗಿಗೆ ಮೊದಲ ಇದನ್ನೆಲ್ಲಾ ಹೇಳಿ ಕೆಡಸೂದ್ಯಾಕ? ನಮಗ್ಯಾರ ಹೇಳಿದ್ರು?"

"ಯಾರೂ ಹೇಳಲಿಲ್ಲ. ಅವಾಗ ನೀವೇನ ಮಾಡಿದ್ರಿ, ದೊಡ್ಡವ್ವಾರ?"

ಅಜ್ಜಿ ಮೆಲ್ಲಗೆ ಅಂದಳು: "ಅಬ್ಬಿಗೇರ್ಯಾಗ ಹೊಲಕ್ಕ ಹತ್ತಿ ಬಿಡಸಾಕ ಹೋಗಿದ್ದೆ. ಏನರ ಕಡದೈತಿ ಅನಕೊಂಡೆ. ಎರಡ ದಿನ ಯಾರಿಗೂ ಹೇಳಲಿಲ್ಲ. ಜ್ವರಾನ ಬಂತು ಅಂಜಿ."

ಶಂಕ್ರವ್ವ ಅತ್ತೆಯ ಮುಖ ನೋಡಿದಳು. ಮದುವೆಯಾಗಿ ಬಂದಂದಿನಿಂದ ಆಕೆಯ ಬಾಯಲ್ಲಿ ಈ ಮಾತು ಕೇಳಿರಲಿಲ್ಲ.

"ಮೊದಲ ಹೇಳಿದ್ರ ಹುಡಿಗ್ಯಾರು ಕೆಡಂಗಿಲ್ರಿ, ಅಂಜೂದ ಬಿಡತಾರ" ಎಂದಳು ಜಬೀನ. "ದೊಡ್ಡಾಕಿ ಆದ್ಲಂದ್ರ ಸಾಲಿ ಮುಗೀತು, ಲಗ್ನದ ವಯಸ್ಸಾತು ಅಂತಲ್ಲ. ಹದಿನೆಂಟ ತುಂಬೂತನಕ ಆಕಿ ಹುಡಿಗೀನ."

"ಎಲ್ಲಾ ಖರೇ. ಮಗ್ಗದ ಮಡಿ ಹ್ಯಾಂಗ?" ಅಜ್ಜಿ ಸೋಲಲಿಲ್ಲ.

"ಗಜೇಂದ್ರಗಡದ ಸಾವಕಾರ ನಾಳೇನ ಸೀರಿ ಬೇಕಂತ ಹೇಳಿ ಕಳಿಸಿದಾಗ ನಿಮ್ಮ ಸೊಸಿ ಮುಟ್ಟಾದ ಮೂರನೇ ದಿನಾನ ಮಗ್ಗದ ಕುಣ್ಯಾಗ ಇಳದಿದ್ಲಲ್ರಿ? ಅವಾಗ ಮಗ್ಗ ಏನರ ಅಂತೇನು?"

ಒಳಕೋಣೆಯಿಂದ ಯಾರೋ ಕಿಸಕ್ಕನೆ ನಕ್ಕರು. ಬಾಗಿಲ ಹಿಂದಿನಿಂದ ಮಧುಮತಿ ಎಲ್ಲವನ್ನೂ ಕೇಳುತ್ತಿದ್ದಳು.

ಶಂಕ್ರವ್ವ ಅವಳನ್ನು ಕರೆದು ಮಗ್ಗದ ಪಕ್ಕದಲ್ಲೇ ಕೂರಿಸಿಕೊಂಡಳು. ಕೈ ಮಗ್ಗದ ಮೇಲಿಟ್ಟು ಶುರು ಮಾಡಿದಳು.

"ನಾವು ಮಗ್ಗಕ್ಕ ಉದ್ದನ ನೂಲಿನ ಹಾಸ ಏರಸತೀವಲ್ಲ, ಸೀರಿ ನೇಯಾಕ. ಹಂಗ ಹೆಣ್ಣಮಕ್ಕಳ ಹೊಟ್ಯಾಗ ಕೂಸಿಗೆ ಒಂದ ಚೀಲ ಇರತೈತಿ. ತಿಂಗಳಾ ತಿಂಗಳಾ ಅದರಾಗ ಮೆತ್ತನ ಹಾಸ ತಯಾರಾಗತೈತಿ. ಕೂಸ ಇಲ್ಲಂದ್ರ ಆ ಹಾಸ ಬ್ಯಾಡಲ್ಲ? ಕಳಚಿ ರಕ್ತಾಗಿ ಹೊರಗ ಬರತೈತಿ. ಗಾಯ ಅಲ್ಲ. ಬ್ಯಾನಿ ಅಲ್ಲ."

"ನಿಂಗೂ ಬರತೈತೇನಬೇ?"

"ನಂಗೂ. ಅಕ್ಕೋರಿಗೂ. ನಿಮ್ಮ ಸಾಲಿ ಬಾಯಾರಿಗೂ."

"ಬಾಯಾರಿಗೂ?" ಮಧುಮತಿಯ ಕಣ್ಣುಗಳು ಅಗಲವಾದವು. ಶಾಲೆಯ ಶಿಕ್ಷಕಿಗೂ ಹೀಗಾಗುತ್ತದೆ ಎಂಬುದೇ ಅವಳಿಗೆ ದೊಡ್ಡ ಸಮಾಧಾನವಾದಂತಿತ್ತು.

ಉಳಿದದ್ದನ್ನು ಜಬೀನ ಹೇಳಿದಳು. ಮೂರರಿಂದ ಏಳು ದಿನ ಇರುತ್ತದೆ. ಮೊದಲ ವರ್ಷ ಒಂದೆರಡು ತಿಂಗಳು ತಪ್ಪಬಹುದು, ಗಾಬರಿ ಬೇಡ. ಕಿಬ್ಬೊಟ್ಟೆ ಸ್ವಲ್ಪ ನೋಯಬಹುದು. ಬಟ್ಟೆಯನ್ನಾಗಲಿ ಪ್ಯಾಡನ್ನಾಗಲಿ ನಾಲ್ಕರಿಂದ ಆರು ತಾಸಿಗೊಮ್ಮೆ ಬದಲಿಸಬೇಕು, ಆಮೇಲೆ ಸಾಬೂನಿನಿಂದ ಕೈ ತೊಳೆಯಬೇಕು. ದಿನಾ ಸ್ನಾನ ಮಾಡಬೇಕು. ಪಲ್ಯ, ಶೇಂಗಾ, ಬೆಲ್ಲ ತಿನ್ನಬೇಕು. ರಕ್ತ ಏಳು ದಿನ ದಾಟಿದರೆ, ನೋವು ತಡೆಯಲಾರದಷ್ಟಿದ್ದರೆ, ಅಥವಾ ಹದಿನೈದು ತುಂಬಿದರೂ ಮುಟ್ಟು ಬರದಿದ್ದರೆ ದವಾಖಾನೆಗೆ ಹೋಗಬೇಕು.

"ಬಟ್ಟಿ ಒಣಸೂದು ಮಾತ್ರ ಮಂಚದ ಬುಡಕ" ಎಂದಳು ಅಜ್ಜಿ.

"ಬಿಸಲಾಗ್ರಿ, ದೊಡ್ಡವ್ವಾರ. ಬುಡಕ ಒಣಗಿದ ಬಟ್ಟಿಯಿಂದ ಕೆರತ, ಬ್ಯಾನಿ. ನಿಮ್ಮ ನೂಲಿನ ಲಡಿ ಅಂಗಳದಾಗ ಒಣಗತಾವು, ಇದಕ್ಕ ಯಾಕ ನಾಚಿಕಿ?"

ಅಜ್ಜಿ ಎದ್ದು ಟ್ರಂಕು ತೆಗೆದು, ತೊಳೆದು ಮಡಿಸಿಟ್ಟಿದ್ದ ತನ್ನ ಮೆತ್ತನೆಯ ಹತ್ತಿಯ ಸೀರೆಯೊಂದನ್ನು ಸೊಸೆಯ ಮುಂದೆ ಹಾಕಿದಳು. ಅದರಿಂದ ಶಂಕ್ರವ್ವ ಆರು ಮಡಿಕೆ ಬಟ್ಟೆ ಮಾಡಿದಳು. ಮಗ್ಗದಲ್ಲಿ ಉಳಿದ ತುಂಡಿನಿಂದ ಒಂದು ಸಣ್ಣ ಚೀಲ ಹೊಲಿದಳು. ಎರಡು ಬಟ್ಟೆ, ಒಂದು ಒಳಚಡ್ಡಿ, ಒಂದು ಸಾಬೂನಿನ ಚೂರು. ಪಾಟಿಚೀಲದ ತಳದಲ್ಲಿ ಅದಕ್ಕೊಂದು ಜಾಗವಾಯಿತು. ಮರುದಿನ ಮಧುಮತಿ ಶಾಲೆಗೆ ಹೋದಳು.

ನಾಲ್ಕು ತಿಂಗಳು ಕಳೆದವು. ಒಂದು ಸಂಜೆ ಅವಳು ಎಂದಿನ ಹೊತ್ತಿಗೆ ಶಾಲೆಯಿಂದ ಬಂದಳು. ಎಂದಿನಂತೆ ಕೈಕಾಲು ತೊಳೆದಳು. ಮಗ್ಗದ ಹತ್ತಿರ ಬಂದು, ಮೆಲ್ಲಗೆ, ಆದರೆ ಅಳದೆ ಹೇಳಿದಳು:

"ಅವ್ವಾ, ಇವತ್ತ ಬಣ್ಣ ಅಲ್ಲ."

ಶಂಕ್ರವ್ವ ಲಾಳಿ ಬಿಟ್ಟು ಎದ್ದು ಅವಳ ತಲೆಯ ಮೇಲೆ ಕೈಯಿಟ್ಟಳು. "ಎಷ್ಟೊತ್ತಿಗೆ?"

"ಮೂರನೇ ಪಿರೇಡಿನಾಗ. ಬಾಯಾರಿಗೆ ಹೇಳಿ ಹೋಗಿ ಬಟ್ಟಿ ಹಾಕ್ಕೊಂಡೆ. ಆಮ್ಯಾಲ ಗಣಿತ ಇತ್ತು, ಕುಂತೆ."

ಮೂಲೆಯಲ್ಲಿದ್ದ ಸಿದ್ದಲಿಂಗವ್ವನಿಗೆ ಎಲ್ಲವೂ ಕೇಳಿಸಿತ್ತು. ಶಂಕ್ರವ್ವ ಅತ್ತೆಯ ಕಡೆ ತಿರುಗಿದಳು. ಮುದುಕಿ ಕೈಯಲ್ಲಿದ್ದ ಕಂಡಿಕೆಯ ಬುಟ್ಟಿಯನ್ನು ಮೊಮ್ಮಗಳ ಕಡೆ ಸರಿಸಿದಳು.

"ಮುಂಜಾನೆ ಅರ್ಧಾ ಬಿಟ್ಟ ಹೋಗೀಯಲ್ಲ ಇವನ್ನ. ಮೊದಲ ರೊಟ್ಟಿ ಬೆಲ್ಲಾ ತಿನ್ನು. ಆಮ್ಯಾಲ ಇಲ್ಲೇ ಬಾ, ನನ್ನ ಬಾಜೂಕ ಕುಂತು ಸುತ್ತು."

ತಾಯಂದಿರೇ, ನಿಮ್ಮ ಮನೆಯಲ್ಲಿ ಒಂಬತ್ತು ಹತ್ತು ವರ್ಷ ದಾಟಿದ ಹುಡುಗಿ ಇದ್ದರೆ ಆ ದಿನ ಬರಲಿ ಎಂದು ಕಾಯಬೇಡಿ. ಅದು ಹೊಲದಲ್ಲಿ ಬರಬಹುದು, ಬಸ್ಸಿನಲ್ಲಿ ಬರಬಹುದು, ನೀವು ಹತ್ತಿರವಿಲ್ಲದಿರಬಹುದು. ಹೇಳಲು ದೊಡ್ಡ ಮಾತು ಬೇಕಿಲ್ಲ, ನಿಮ್ಮ ದಿನದ ಕೆಲಸದ ಮಾತೇ ಸಾಕು. ಮಾತು ಬರದಿದ್ದರೆ ನಿಮ್ಮೂರಿನ ಅಂಗನವಾಡಿ ಶಿಕ್ಷಕಿಯನ್ನೋ ನರ್ಸಬಾಯಿಯನ್ನೋ ಜೊತೆಗೆ ಕರೆದುಕೊಳ್ಳಿ. ಇವತ್ತು ಸಂಜೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವಳು "ಏನಾತಬೇ" ಎಂದು ಕೇಳಿದರೆ, ಅವಳ ಮುಖ ನೋಡಿ ಉತ್ತರ ಕೊಡಿ.