ಏಳನೆಯ ಮಹಡಿಗೆ ಬಂದ ಜೇನು

ಗೋಪಿನಾಥರು ಮೂವತ್ತು ವರ್ಷದ ಸರ್ಕಾರಿ ನೌಕರಿಯಲ್ಲಿ ಯಾರಿಗೂ 'ಇಲ್ಲ' ಎಂದವರಲ್ಲ. ದೆಹಲಿಯ ಸಚಿವಾಲಯವೊಂದರಲ್ಲಿ ಅವರು ಅಧೀನ ಕಾರ್ಯದರ್ಶಿ. ತಲೆನೋವಿನ ಕಡತ ಬಂದರೆ 'ಪರಿಶೀಲಿಸಬಹುದು' ಎಂದು ಬರೆದು ಮೇಲಕ್ಕೋ ಕೆಳಕ್ಕೋ ದಾಟಿಸಿಬಿಡುವರು. ಅಂಥವರು ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ನೋಯ್ಡಾದ ತಮ್ಮ ಏಳನೆಯ ಮಹಡಿಯ ಬಾಲ್ಕನಿಯಲ್ಲಿ ನಿಂತು, "ಒಂದನ್ನೂ ಉಳಿಸೋದಿಲ್ಲ" ಎಂದು ಹಲ್ಲು ಕಡಿದರು. ಕೋಪ ಬಿಳಿನೊಣಗಳ ಮೇಲೆ.

ನೊಣಗಳು ಮುತ್ತಿದ್ದು ಸಾಮಾನ್ಯ ಗಿಡಗಳನ್ನಲ್ಲ, ಈರನಗೆರೆ ಬದನೆಯನ್ನು. ಮೈಸೂರಿನಿಂದ ಬೀಜ ತರಿಸಿ, ದೆಹಲಿಯ ಚಳಿಯಲ್ಲಿ ಸಸಿಗಳನ್ನು ರಾತ್ರಿ ಒಳಗಿಟ್ಟು ಹಗಲು ಹೊರಗಿಟ್ಟು, ಕೂಸು ಸಾಕಿದ ಹಾಗೆ ಸಾಕಿದ್ದರು. ಈಗ ಎಲೆ ಮುಟ್ಟಿದರೆ ಸಾಕು, ಅಡಿಯಿಂದ ಹಿಟ್ಟು ಕೊಡವಿದಂತೆ ಬಿಳಿಯದು ಭುಗ್ಗನೆ ಏಳುತ್ತಿತ್ತು.

"ನರ್ಸರಿ ಭಯ್ಯಾನ ಹತ್ರ ಒಂದು ಔಷಧಿ ತಂದು ಹೊಡೀರಿ, ಮುಗೀತು" ಎಂದರು ಹೆಂಡತಿ ವಿಮಲಾ. ಅವರು ಶಾಲೆಯಲ್ಲಿ ಗಣಿತ ಹೇಳಿಕೊಡುವವರು. ಯಾವುದಕ್ಕೂ ಎರಡು ಸಾಲಿಗಿಂತ ಉದ್ದದ ಉತ್ತರ ಅವರಿಗೆ ಹಿಡಿಸದು.

"ವಿಷ ಹೊಡೆದು ಬೆಳೆಯೋದಾದ್ರೆ ತರಕಾರಿ ಮಂಡಿಯಿಂದಲೇ ತರಬಹುದಲ್ಲೇ? ಇದು ಸಾವಯವ ಕೃಷಿ."

"ಹನ್ನೆರಡು ಕುಂಡ ರೀ ಇರೋದು. ಕೃಷಿ ಅಂತೆ!"

ಗೋಪಿನಾಥರು ಫೋನಿನಲ್ಲಿ ಒಂದು ವಿಡಿಯೋ ನೋಡಿದ್ದರು. ಕೀಟಗಳಿಗೆ ಸುಗಂಧ ತೈಲದ ಘಾಟು ಆಗುವುದಿಲ್ಲ, ಒಂದು ಲೀಟರ್ ನೀರಿಗೆ ಕೆಲವೇ ಹನಿ ಸಾಕು ಎಂದು ಅದರಲ್ಲಿ ಒಬ್ಬಾಕೆ ನಗುನಗುತ್ತಾ ಹೇಳಿದ್ದಳು. ಶನಿವಾರ ಮೆಟ್ರೋ ಹತ್ತಿ ಕರೋಲ್ ಬಾಗಿಗೆ ಹೋಗಿ, ಸಂದಿಯೊಳಗಿನ ಒಂದು ಅಂಗಡಿಯಿಂದ ಪುದೀನಾ ಎಣ್ಣೆಯನ್ನೂ ನಿಂಬೆಹುಲ್ಲಿನ ಎಣ್ಣೆಯನ್ನೂ ತಂದರು. ಬರುವಾಗ ಚೀಲದೊಳಗೆ ಪುದೀನಾ ಬಾಟಲಿ ಸೋರಿ, ಮೆಟ್ರೋದ ಆ ಬೋಗಿಯ ಜನರೆಲ್ಲ ಮೂಗು ಉಜ್ಜಿಕೊಂಡರು. ಪಕ್ಕದಲ್ಲಿದ್ದ ಮುದುಕರೊಬ್ಬರು ಮಾತ್ರ, ಎಷ್ಟೋ ದಿನದ ಮೇಲೆ ಎರಡು ಹೊಳ್ಳೆಯಲ್ಲೂ ಉಸಿರಾಡಿದೆ ಬೇಟಾ, ಎಂದು ಹರಸಿ ಇಳಿದುಹೋದರು.

ಮೊದಲು ಪುದೀನಾ. ಕೆಲವೇ ಹನಿ ಎಂದರೆ ಎಷ್ಟೆಂದು ವಿಡಿಯೋದವಳು ಹೇಳಿದ್ದು ಗೋಪಿನಾಥರಿಗೆ ನೆನಪಿರಲಿಲ್ಲ. ಶತ್ರು ಬಲವಾಗಿದೆ ಎಂದು ಎರಡು ಚಮಚ ಸುರಿದು, ಕಲಕಿ, ಮಟಮಟ ಮಧ್ಯಾಹ್ನ ಹೊಡೆದರು. ಎಣ್ಣೆ ನೀರಿಗೆ ಸೇರದೆ ಎಲೆಯ ಮೇಲೆ ಕೂತಿತು. ಸಂಜೆಯ ಹೊತ್ತಿಗೆ ಎಲೆಗಳ ಅಂಚು ಹಪ್ಪಳದಂತೆ ಸುಟ್ಟಿತ್ತು. ನೊಣಗಳು ಪಕ್ಕದ ಟೊಮೆಟೊಗೆ ಹೋಗಿ, ಘಾಟು ಇಳಿದ ಮೇಲೆ ವಾಪಸು ಬಂದವು.

"ನೊಣಕ್ಕೆ ಏನೂ ಆಗ್ಲಿಲ್ಲ ಬಿಡಿ. ಗಿಡಕ್ಕೆ ನೆಗಡಿ ಇದ್ದಿದ್ರೆ ವಾಸಿ ಆಗಿರುತ್ತೆ" ಎಂದರು ವಿಮಲಾ.

ಮರುವಾರ ನಿಂಬೆಹುಲ್ಲಿನ ಸರದಿ. ಈ ಸಲ ಗಿಡಕ್ಕೆ ಮುಟ್ಟಿಸಲಿಲ್ಲ. ಹಳೆಯ ಬನಿಯನ್ ಹರಿದು ಚಿಂದಿ ಮಾಡಿ, ಎಣ್ಣೆಯಲ್ಲಿ ಅದ್ದಿ ಬಾಲ್ಕನಿಯ ಕಂಬಿಗೆ ಸಾಲಾಗಿ ಕಟ್ಟಿದರು. ಉಳಿದ ಚಿಂದಿಯನ್ನೂ ಖಾಲಿ ಬಾಟಲಿಯನ್ನೂ ಮೂಲೆಯಲ್ಲಿ ಚಳಿಗಾಲವೆಲ್ಲ ಸುಮ್ಮನೆ ಕೂತಿದ್ದ ಏರ್ ಕೂಲರಿನೊಳಗೆ ಎಸೆದರು.

ಭಾನುವಾರ ಹತ್ತು ಗಂಟೆಗೆ ಕಾಫಿ ಕುಡಿಯುತ್ತಿದ್ದಾಗ ಹೊರಗೆ ಮೋಟಾರು ಓಡಿದಂಥ ಸದ್ದು. ನೋಡಿದರೆ ಬಾಲ್ಕನಿಯ ಮುಂದಿನ ಆಕಾಶವೇ ಕಂದುಬಣ್ಣಕ್ಕೆ ತಿರುಗಿ ಗಿರಗಿರನೆ ಸುತ್ತುತ್ತಿದೆ. ಜೇನು! ಒಂದಲ್ಲ, ಹತ್ತಲ್ಲ, ಸಾವಿರಗಟ್ಟಲೆ. ಗೋಪಿನಾಥರು ಗಾಜಿನ ಬಾಗಿಲನ್ನು ಎಳೆದು ಮುಚ್ಚಿ ಕೈಯೂರಿ ನಿಂತರು. ಜೇನುಗಳು ಕಂಬಿಯ ಚಿಂದಿಗಳನ್ನು ಮೂಸಿ ನೋಡಿ, ಅರ್ಧ ಗಂಟೆಯಲ್ಲಿ ಒಂದಾದ ಮೇಲೊಂದು ಕೂಲರಿನ ಕಿಂಡಿಯೊಳಗೆ ಇಳಿದವು. ಬಾಡಿಗೆ ಕರಾರು ಮಾಡಿಕೊಂಡು ಬಂದವರ ಹಾಗೆ.

ಹನ್ನೊಂದಕ್ಕೆ ಕರೆಗಂಟೆ. ಅಪಾರ್ಟ್‌ಮೆಂಟ್ ಸೊಸೈಟಿಯ ಕಾರ್ಯದರ್ಶಿ ಚೌಧರಿ ನಿಂತಿದ್ದರು. ಹಿಂದೆ ಮುಖಕ್ಕೆ ಬಟ್ಟೆ ಕಟ್ಟಿ, ಬೆನ್ನಿಗೆ ವಿಷದ ಡ್ರಮ್ಮು ಹೊತ್ತ ಇಬ್ಬರು.

"ಗೋಪಿನಾಥ್ ಜೀ, ಕೆಳಗೆ ಮಕ್ಕಳು ಆಡ್ತಾರೆ. ಐದು ನಿಮಿಷ ಕೊಡಿ, ಎಲ್ಲಾ ಖತಮ್" ಎಂದರು ಹಿಂದಿಯಲ್ಲಿ.

ಗೋಪಿನಾಥರು ದಾರಿ ಬಿಡಲು ಪಕ್ಕಕ್ಕೆ ಸರಿದರು ಕೂಡ. ಆದರೆ ಅಷ್ಟರಲ್ಲಿ ಗಾಜಿನಾಚೆ ಕಣ್ಣು ಹೋಯಿತು. ಸುಟ್ಟ ಎಲೆಗಳ ನಡುವೆ ಉಳಿದಿದ್ದ ಒಂದೇ ನೇರಳೆ ಹೂವಿನ ಸುತ್ತ ಒಂದು ಜೇನು ಸುಳಿದಾಡುತ್ತಿತ್ತು. ದೂರದಿಂದ ಬಂದು ದಣಿದಂತೆ ಎಲೆಯ ಮೇಲೆ ಕೂತು, ಕಾಲು ಒರೆಸಿಕೊಂಡು ಮತ್ತೆ ಎದ್ದಿತು. ಬಿಳಿನೊಣಗಳನ್ನು ಕೊಲ್ಲಲು ಎರಡು ವಾರ ಒದ್ದಾಡಿದ್ದ ಗೋಪಿನಾಥರು ಮತ್ತೆ ಬಾಗಿಲಿಗೆ ಅಡ್ಡವಾಗಿ ನಿಂತರು.

"ಇಲ್ಲ" ಎಂದರು.

"ಕ್ಯಾ?"

"ಇಲ್ಲ. ನಹೀ. ಈ ಬಾಗಿಲಲ್ಲಿ ವಿಷ ಒಳಗೆ ಬರೋದಿಲ್ಲ. ಸಂಜೆಯೊಳಗೆ ನಾನೇ ಅವುಗಳನ್ನ ಕಳಿಸ್ತೀನಿ."

ಚೌಧರಿ ಕಣ್ಣು ಕಣ್ಣು ಬಿಟ್ಟರು. ಅಡುಗೆಮನೆಯ ಬಾಗಿಲಲ್ಲಿ ವಿಮಲಾ ಕೂಡ. "ಸಂಜೆ ಆರು ಗಂಟೆ" ಎಂದು ಬೆರಳೆತ್ತಿ ಚೌಧರಿ ಹೊರಟರು. ಬಾಗಿಲು ಮುಚ್ಚಿದ ಮೇಲೆ ಗೋಪಿನಾಥರು ಅಲ್ಲೇ ಚಪ್ಪಲಿ ಸ್ಟ್ಯಾಂಡಿನ ಮೇಲೆ ಕೂತರು.

"ಹೇಳಿದ್ದೇನೋ ಹೇಳಿದ್ರಿ, ಕಳಿಸೋದು ಹೇಗೆ?" ಎಂದರು ವಿಮಲಾ. ಆಮೇಲೆ ತಾವೇ ಫೋನು ಎತ್ತಿದರು. ಅವರ ಸಹೋದ್ಯೋಗಿಯ ತಂಗಿಯ ಮಗಳು ತನುಶ್ರೀ ಮಂಡ್ಯದವಳು. ದೆಹಲಿಯಲ್ಲಿ ಕೀಟಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು.

ನಾಲ್ಕೂವರೆಗೆ ಅವಳು ಒಂದು ಮರದ ಪೆಟ್ಟಿಗೆ, ಬಲೆಯ ಟೋಪಿ ಹಿಡಿದು ಬಂದಳು. ಬಾಲ್ಕನಿಗೆ ಕಾಲಿಟ್ಟವಳೇ ಮೂಗರಳಿಸಿದಳು.

"ಅಂಕಲ್, ಇದೇನು ವಾಸನೆ?"

"ನಿಂಬೆಹುಲ್ಲಿನ ಎಣ್ಣೆ ಕಣಮ್ಮ. ನೊಣ ಓಡಿಸೋಕೆ."

ತನುಶ್ರೀ ಕೂಲರಿನ ಪಕ್ಕದ ಮುಚ್ಚಳವನ್ನು ಒಂದಿಷ್ಟು ಸರಿಸಿ ಒಳಗೆ ನೋಡಿದಳು. ಎಣ್ಣೆಚಿಂದಿಯ ಮೇಲೆಯೇ ಜೇನಿನ ಗೊಂಚಲು ತೂಗುತ್ತಿತ್ತು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಂಕಲ್, ಜೇನುಗಳು ಮನೆ ಬದಲಾಯಿಸುವಾಗ 'ಇಲ್ಲಿ ಬನ್ನಿ' ಅಂತ ಒಂದಕ್ಕೊಂದು ಹೇಳೋಕೆ ಮೈಯಿಂದ ಒಂದು ವಾಸನೆ ಬಿಡ್ತವೆ. ನಿಂಬೆಹುಲ್ಲಿನ ಎಣ್ಣೆ ಥೇಟ್ ಅದೇ ವಾಸನೆ. ಜೇನು ಸಾಕೋರು ಖಾಲಿ ಪೆಟ್ಟಿಗೆಗೆ ಬಳಿಯೋದು ಇದನ್ನೇ, ಅದೂ ಎರಡು ಹನಿ. ನೀವು ಎಷ್ಟು ಹಾಕಿದ್ರಿ?"

"ಇಡೀ ಬಾಟಲಿ" ಎಂದರು ವಿಮಲಾ, ಗಂಡನ ಪರವಾಗಿ.

ಬಿಸಿಲು ಇಳಿದ ಮೇಲೆ ತನುಶ್ರೀ ಕೆಲಸಕ್ಕೆ ಕೂತಳು. ಗೊಂಚಲಿನಲ್ಲಿ ರಾಣಿಯನ್ನು ಹುಡುಕಿ ಪೆಟ್ಟಿಗೆಗೆ ಇಳಿಸಿದ್ದೇ ತಡ, ಉಳಿದವು ಸಾಲುಗಟ್ಟಿ ಅದರ ಹಿಂದೆ ನಡೆದವು. ಗೋಪಿನಾಥರು ಟಾರ್ಚ್ ಹಿಡಿದು ಉಸಿರು ಬಿಗಿಹಿಡಿದು ನಿಂತರು. ಆರಕ್ಕೆ ಐದು ನಿಮಿಷವಿರುವಾಗ ಬಂದ ಚೌಧರಿ, ಗಾಜಿಗೆ ಮೂಗು ಒತ್ತಿ ಕೊನೆಯ ಜೇನು ಒಳಹೋಗುವವರೆಗೂ ನೋಡಿದರು. "ಕಮಾಲ್ ಹೈ" ಎಂದು ಬೆರಗುಪಟ್ಟು, ವಿಮಲಾ ಕೊಟ್ಟ ಕಾಫಿಯನ್ನೂ ಕುಡಿದರು.

ಹೊರಡುವ ಮುಂಚೆ ತನುಶ್ರೀ ಬದನೆ ಎಲೆ ಮಗುಚಿ ನೋಡಿದಳು. ಬಿಳಿನೊಣಗಳು ಕ್ಷೇಮವಾಗಿದ್ದವು.

"ಅಂಕಲ್, ಎಣ್ಣೆ ಹಾಕೋದಾದ್ರೆ ಬೇವಿನೆಣ್ಣೆ, ಲೀಟರಿಗೆ ಒಂದು ಚಮಚ. ನೀರಿಗೆ ಬೆರೆಯೋಕೆ ಸ್ವಲ್ಪ ಸೋಪು. ಸಂಜೆ, ಎಲೆಯ ಅಡಿಗೆ ಹೊಡೀರಿ. ಮೊದಲು ಒಂದು ಎಲೆಗೆ ಹೊಡೆದು ಎರಡು ದಿನ ಕಾಯಿರಿ."

ಗೋಪಿನಾಥರು ಕಾದರು. ಐದು ವಾರದಲ್ಲಿ ಗಿಡ ಚಿಗುರಿತು. ನೊಣಗಳು ಪೂರ್ತಿ ಹೋಗದಿದ್ದರೂ ಮರ್ಯಾದೆ ಕಲಿತವು. ಆರು ಬದನೆಕಾಯಿ ಸಿಕ್ಕಿ, ಎಣ್ಣೆಗಾಯಿ ಮಾಡಿದ್ದಾಯಿತು.

ಏಪ್ರಿಲ್ ಕೊನೆಯ ಭಾನುವಾರ ಗಂಡ ಹೆಂಡತಿ ಇಬ್ಬರೂ ತನುಶ್ರೀಯ ಸಂಸ್ಥೆಯ ತೋಟಕ್ಕೆ ಹೋದರು. ಸೂರ್ಯಕಾಂತಿಯ ಹೊಲದ ಬದುವಿನಲ್ಲಿ ಪೆಟ್ಟಿಗೆ ಇತ್ತು. ರಾಣಿ ಮೊಟ್ಟೆಯಿಡುತ್ತಿದ್ದಾಳೆ ಎಂದು ತನುಶ್ರೀ ಹೇಳಿದಳು. ಗೋಪಿನಾಥರು ಹತ್ತಿರದಿಂದ ನೋಡಲು ಬಗ್ಗಿದರು.

ಸೋಮವಾರ ಕಚೇರಿಯಲ್ಲಿ ಜಂಟಿ ಕಾರ್ಯದರ್ಶಿಗಳು ಅವರ ಮುಖ ನೋಡಿ ಗಾಬರಿಯಾದರು. ಎಡಗಣ್ಣು ಮುಚ್ಚಿ, ಕೆನ್ನೆ ಬನ್ನಿನಂತೆ ಊದಿತ್ತು.

"ಗೋಪಿನಾಥ್, ಏನಾಯ್ತು?"

"ನೆಂಟರನ್ನ ನೋಡೋಕೆ ಹೋಗಿದ್ದೆ ಸರ್" ಎಂದು ಹೇಳಿ, ಅವರು ಒಂದೇ ಕಣ್ಣಿನಲ್ಲಿ ಕಡತ ತೆರೆದರು.